ಆರ್‌ಎ 3.2 ಎಂದು ಬರೆದರೆ ಸಾಕೆ? ಮೇಲ್ಮೈ ಒರಟುತನದ ಅಳತೆಯ ಬಗ್ಗೆ

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ ಅಥವಾ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಯಾವ ಮಶೀನ್ ಶಾಪಿಗೆ ಹೋದರೂ, ಲೇಥಿನ ಮಗ್ಗುಲಲ್ಲಿ ಸಿಕ್ಕಿಸಿಟ್ಟ ಡ್ರಾಯಿಂಗಿನಲ್ಲಿ ಉದ್ದ, ವ್ಯಾಸ, ಟಾಲರೆನ್ಸುಗಳ ನಡುವೆ ಸರಿ ಗುರುತನ್ನು ಹೋಲುವ ಒಂದು ಚಿಹ್ನೆಯೂ ಅದರ ಜೊತೆಗೆ 6.3, 3.2, 1.6, 0.8 ಎಂಬಂಥ ಒಂದು ಅಂಕಿಯೂ ಕಾಣುತ್ತವೆ. ವ್ಯಾಸವನ್ನು ಮೈಕ್ರೋಮೀಟರ್ ಉಪಕರಣದಲ್ಲಿ ಹಿಡಿದು ನೋಡುವ ಟರ್ನರ್‌ಗೆ ತಾನು ಏನನ್ನು ಅಳೆಯುತ್ತಿದ್ದೇನೆ ಎಂಬ ಬಗ್ಗೆ ಸಂಶಯವಿರುವುದಿಲ್ಲ. ಈ ಚಿಹ್ನೆಯ ಪಕ್ಕದ ಅಂಕಿ ಮೇಲ್ಮೈಯ ಒರಟುತನವನ್ನು ಆರ್‌ಎ ಎಂಬ ಸರಾಸರಿ ಅಳತೆಯಲ್ಲಿ, ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಭಾಗದ) ಲೆಕ್ಕದಲ್ಲಿ ಹೇಳುತ್ತದೆ; ಅದರ ವಿಷಯ ಅಷ್ಟು ಸರಳವಾಗಿಲ್ಲ. ವಾಲ್ವ್ ಬಿಡಿಭಾಗಗಳ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸ ಮಾಡುವ ನನ್ನ ಕೈಗೆ ದಿನವಿಡೀ ಬರುವುದು ಇವೇ ಅಂಕಿಗಳು, ಮತ್ತು ಒರಟುತನದ ಅಂಕಿಯೊಂದನ್ನೇ ಬರೆದು ಕೈತೊಳೆದುಕೊಂಡರೆ ಮೇಲ್ಮೈಯ ಬಗ್ಗೆ ಹೇಳಬೇಕಾದದ್ದರಲ್ಲಿ ಅರ್ಧದಷ್ಟೂ ಹೇಳಿದಂತಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವ ದಿಕ್ಕಿನಲ್ಲಿ, ಎಷ್ಟು ಉದ್ದಕ್ಕೆ, ಯಾವ ಫಿಲ್ಟರ್ ಇಟ್ಟು ಅಳೆಯಲಾಯಿತು ಎಂಬುದೂ, ಆ ಮೇಲ್ಮೈ ಮುಂದೆ ಯಾವ ಕೆಲಸ ಮಾಡಬೇಕಾಗಿದೆ ಎಂಬುದೂ ಗೊತ್ತಿದ್ದರೆ ಮಾತ್ರ ಆ ಅಂಕಿ ಉಪಯೋಗಕ್ಕೆ ಬರುತ್ತದೆ.

ಲೋಹದ ಮೇಲ್ಮೈಯ ಏರುತಗ್ಗು ಒಂದೇ ಬಗೆಯದಲ್ಲ. ನಮ್ಮ ಕಡೆಯ ಎರೆಹೊಲವನ್ನು ನೆನೆದರೆ ಇದು ಬೇಗ ತಿಳಿಯುತ್ತದೆ. ಕೂರಿಗೆ ಹೊಡೆದ ಹೊಲದಲ್ಲಿ ಗೇಣು ಗೇಣಿಗೂ ಸಾಲುಗಳಿರುತ್ತವೆ. ಆ ಸಾಲುಗಳ ಅಡಿಯಲ್ಲಿ ಹತ್ತಾರು ಹೆಜ್ಜೆಗೊಮ್ಮೆ ನೆಲ ನಿಧಾನವಾಗಿ ಉಬ್ಬಿ ತಗ್ಗುತ್ತದೆ. ಇಡೀ ಹೊಲವೇ ಹಳ್ಳದ ಕಡೆಗೆ ಇಳಿಜಾರಾಗಿರುತ್ತದೆ. ಲೋಹದಲ್ಲಿ ಮೊದಲನೆಯದನ್ನು ಒರಟುತನ ಎಂದೂ, ಎರಡನೆಯದನ್ನು ಅಲೆತನ ಎಂದೂ, ಮೂರನೆಯದನ್ನು ಆಕಾರದ ದೋಷ ಎಂದೂ ಲೆಕ್ಕಕ್ಕೆ ಹಿಡಿಯುತ್ತಾರೆ. ಮೊದಲನೆಯದು ಕತ್ತರಿಸುವ ಟೂಲಿನ ಗುರುತು, ಎರಡನೆಯದು ಮಶೀನಿನ ಅದುರು ಅಥವಾ ಸ್ಪಿಂಡಲ್ಲಿನ ತೂಕದೋಷದ ಫಲ, ಮೂರನೆಯದು ಮಶೀನಿನ ಹಾಸುಗಳ ಸವೆತದಿಂದಲೋ ಜಾಬನ್ನು, ಅಂದರೆ ಕತ್ತರಿಸುತ್ತಿರುವ ತುಂಡನ್ನು, ಬಿಗಿ ಹಿಡಿದದ್ದರಿಂದಲೋ ಬಂದದ್ದು. ಸಾಲಿಗೆ ಅಡ್ಡ ನಡೆದವನ ಕಾಲಿಗೆ ತಟ್ಟುವ ಏರುತಗ್ಗು ಸಾಲಿನ ಗುಂಟ ನಡೆದವನಿಗೆ ತಟ್ಟುವುದಿಲ್ಲವಾದ್ದರಿಂದ, ಒರಟುತನವನ್ನು ಯಾವಾಗಲೂ ಟೂಲಿನ ಗುರುತುಗಳಿಗೆ ಅಡ್ಡಲಾಗಿಯೇ ಅಳೆಯಬೇಕೆಂಬ ನಿಯಮ ಬಂದಿದೆ.

ಲೇಥಿನಲ್ಲಿ ಈ ಸಾಲುಗಳ ಆಳ ಎಷ್ಟಿರಬೇಕೆಂಬುದನ್ನು ಜಾಬ್ ಕತ್ತರಿಸುವ ಮೊದಲೇ ಲೆಕ್ಕ ಹಾಕಬಹುದು. ಇನ್ಸರ್ಟಿನ, ಅಂದರೆ ಟೂಲಿಗೆ ಸಿಕ್ಕಿಸುವ ಕತ್ತರಿಸುವ ತುಣುಕಿನ, ತುದಿ ಒಂದು ಸಣ್ಣ ವೃತ್ತದ ಚೂರು; ಆ ವೃತ್ತದ ತ್ರಿಜ್ಯವೇ ನೋಸ್ ರೇಡಿಯಸ್. ಜಾಬ್ ಒಂದು ಸುತ್ತು ತಿರುಗಿದಾಗ ಟೂಲ್ ಒಂದು ಫೀಡಿನಷ್ಟು ಮುಂದೆ ಸರಿಯುತ್ತದೆ. ಹೀಗಾಗಿ ಒಂದರ ಪಕ್ಕ ಒಂದು ಬಿಲ್ಲಿನಾಕಾರದ ತಗ್ಗುಗಳು ಬಿದ್ದು, ಎರಡು ತಗ್ಗುಗಳ ನಡುವೆ ಒಂದು ಏಣು ಉಳಿಯುತ್ತದೆ. ಏಣಿನಿಂದ ತಗ್ಗಿನ ತಳದವರೆಗಿನ ಎತ್ತರ ಫೀಡಿನ ವರ್ಗವನ್ನು ನೋಸ್ ರೇಡಿಯಸ್ಸಿನ ಎಂಟರಷ್ಟರಿಂದ ಭಾಗಿಸಿದಾಗ ಬರುವ ಸಂಖ್ಯೆ. ಸುತ್ತಿಗೆ 0.2 ಮಿಲಿಮೀಟರ್ ಫೀಡ್, 0.8 ಮಿಲಿಮೀಟರ್ ನೋಸ್ ರೇಡಿಯಸ್ ಇಟ್ಟುಕೊಳ್ಳಿ: 0.04ನ್ನು 6.4ರಿಂದ ಭಾಗಿಸಿದರೆ 0.00625 ಮಿಲಿಮೀಟರ್, ಅಂದರೆ 6.25 ಮೈಕ್ರಾನ್. ಇಂಥ ಬಿಲ್ಲುಗಳ ಸಾಲಿಗೆ ಆರ್‌ಎ ಇದರ ಸುಮಾರು ಕಾಲು ಭಾಗ, 1.6 ಮೈಕ್ರಾನ್. ಫೀಡನ್ನು ಅರ್ಧಕ್ಕೆ ಇಳಿಸಿದರೆ ಆರ್‌ಎ ಅರ್ಧವಾಗದೆ ಕಾಲಾಗಿ 0.4ಕ್ಕೆ ಬರುತ್ತದೆ, ಆದರೆ ಕತ್ತರಿಸುವ ಸಮಯ ಎರಡರಷ್ಟಾಗುತ್ತದೆ. ನುಣುಪಿಗೆ ಕೊಡುವ ಬೆಲೆ ಎಲ್ಲಿಂದ ಬರುತ್ತದೆ ಎಂಬುದು ಈ ಒಂದು ಲೆಕ್ಕದಲ್ಲಿಯೇ ಇದೆ.

ವಾಸ್ತವದಲ್ಲಿ ಈ ಲೆಕ್ಕಕ್ಕಿಂತ ನುಣುಪಾಗಿ ಬರುವುದು ಅಪರೂಪ, ಒರಟಾಗಿ ಬರುವುದೇ ಹೆಚ್ಚು. ಸ್ಟೇನ್‌ಲೆಸ್ ಸ್ಟೀಲನ್ನು ಕಡಿಮೆ ವೇಗದಲ್ಲಿ ಕತ್ತರಿಸಿದಾಗ ಲೋಹದ ಚೂರು ಟೂಲಿನ ಅಂಚಿಗೆ ಅಂಟಿಕೊಂಡು ಬೆಳೆದು, ಆಮೇಲೆ ಕಿತ್ತು ಬಂದು, ಜಾಬಿನ ಮೈಮೇಲೆ ಹರಿದಂತಹ ಗುರುತು ಬಿಡುತ್ತದೆ. ಇನ್ಸರ್ಟ್ ಸವೆದಿದ್ದರೆ ಅದರ ಅಂಚಿನ ಪ್ರತಿಯೊಂದು ಕಚ್ಚೂ ಜಾಬಿನ ಮೇಲೆ ಪಡಿಯಚ್ಚಾಗಿ ಮೂಡುತ್ತದೆ. ಲೆಕ್ಕಕ್ಕೂ ಅಳತೆಗೂ ನಡುವೆ ದೊಡ್ಡ ಅಂತರ ಕಂಡಾಗ ನಾನು ಮೊದಲು ಅನುಮಾನಿಸುವುದು ಇವೆರಡನ್ನೇ.

ಇನ್ನು ಆರ್‌ಎ ಎಂಬ ಅಳತೆಯ ವಿಷಯ. ಮೇಲ್ಮೈಯ ಏರುತಗ್ಗಿನ ನಡುವೆ ಒಂದು ಸರಾಸರಿ ಗೆರೆ ಎಳೆದು, ಆ ಗೆರೆಯಿಂದ ಪ್ರತಿಯೊಂದು ಬಿಂದುವೂ ಮೇಲಕ್ಕಾಗಲಿ ಕೆಳಕ್ಕಾಗಲಿ ಎಷ್ಟು ದೂರದಲ್ಲಿದೆಯೋ ಆ ದೂರಗಳ ಸರಾಸರಿಯನ್ನು ತೆಗೆದರೆ ಬರುವುದು ಆರ್‌ಎ. ಆ ದೂರಗಳನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಿಡಿದರೆ ಆರ್‌ಕ್ಯೂ. ಅಲೆ ಅಚ್ಚುಕಟ್ಟಾದ ಸೈನ್ ಆಕಾರದಲ್ಲಿದ್ದರೆ ಇದು ಆರ್‌ಎಗಿಂತ ಶೇ 11ರಷ್ಟು ಹೆಚ್ಚಾಗಿರುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ಆಬಟ್ ಮತ್ತು ಫೈರ್‌ಸ್ಟೋನ್ 1933ರಲ್ಲಿ ಮೇಲ್ಮೈಯ ಗುಣವನ್ನು ಅಳತೆಯಿಂದ ನಿರ್ದಿಷ್ಟಪಡಿಸುವ ಬಗ್ಗೆ ಬರೆದರು. ಇಂಗ್ಲೆಂಡಿನ ಲೆಸ್ಟರ್‌ನ ಟೇಲರ್ ಹಾಬ್ಸನ್ ಕಂಪನಿಯ ಮೊದಲ ಟ್ಯಾಲಿಸರ್ಫ್, ಅಂದರೆ ಮೇಲ್ಮೈಯ ಮೇಲೆ ಸೂಜಿ ಓಡಿಸಿ ಏರುತಗ್ಗು ಅಳೆಯುವ ಉಪಕರಣ, 1941ರಲ್ಲಿ ಹೊರಬಂತು. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಸೂಜಿಯಿಂದ ಬಂದ ವಿದ್ಯುತ್ ಸಂಕೇತದ ಸರಾಸರಿಯನ್ನು ಒಂದು ಸಾದಾ ಮೀಟರಿನ ಮುಳ್ಳಿನಲ್ಲೇ ತೋರಿಸಬಹುದಾಗಿತ್ತು. ಆರ್‌ಎ ಇಷ್ಟು ಬೇರು ಬಿಟ್ಟದ್ದರ ಹಿಂದೆ ಈ ಅನುಕೂಲದ ಪಾಲು ದೊಡ್ಡದು. ಮೇಲ್ಮೈಯನ್ನು ಅದಕ್ಕಿಂತ ಚೆನ್ನಾಗಿ ವಿವರಿಸುವ ಅಳತೆ ಇಲ್ಲವೆಂದು ಯಾರೂ ನಿರ್ಣಯಿಸಿದ್ದಲ್ಲ.

ಸರಾಸರಿಗಿರುವ ಕೊರತೆ ಆರ್‌ಎಗೂ ಇದೆ. ಚೂಪಾದ ಏಣುಗಳೂ ಅಗಲವಾದ ತಗ್ಗುಗಳೂ ಇರುವ ಒಂದು ಮೇಲ್ಮೈಯನ್ನು ಕಲ್ಪಿಸಿಕೊಂಡು ಅದನ್ನು ಹಾಗೆಯೇ ತಲೆಕೆಳಗು ಮಾಡಿ. ಈಗ ಅಗಲವಾದ ಸಮತಟ್ಟುಗಳೂ ಅವುಗಳ ನಡುವೆ ಕಿರಿದಾದ ಆಳವಾದ ಗೀರುಗಳೂ ಇರುವ ಮೇಲ್ಮೈ ಬಂತು. ಎರಡರ ಆರ್‌ಎ ಒಂದೇ. ಮೂರನೆಯ ದಶಾಂಶಕ್ಕೂ ವ್ಯತ್ಯಾಸ ಬರುವುದಿಲ್ಲ. ಆದರೆ ವಾಲ್ವಿನ ಸ್ಟೆಮ್ಮಿಗೆ (ವಾಲ್ವನ್ನು ತೆರೆದು ಮುಚ್ಚುವ ಸರಳಿಗೆ) ಮೊದಲನೆಯ ಬಗೆಯ ಮೇಲ್ಮೈ ಬಂದರೆ ಅದು ಪ್ರತಿ ಸಲ ತೆರೆದು ಮುಚ್ಚುವಾಗಲೂ ತನ್ನ ಸುತ್ತ ಸೋರದಂತೆ ತುಂಬಿದ ಗ್ರಾಫೈಟ್ ಪ್ಯಾಕಿಂಗನ್ನು ಅರದಂತೆ ಉಜ್ಜಿ ತಿನ್ನುತ್ತದೆ. ಎರಡನೆಯ ಬಗೆಯದು ಬಂದರೆ ಪ್ಯಾಕಿಂಗ್ ಸಮತಟ್ಟಿನ ಮೇಲೆ ಜಾರುತ್ತದೆ. ಸ್ಟೆಮ್ಮಿಗೆ ಸಾಮಾನ್ಯವಾಗಿ 0.4ರಿಂದ 0.8 ಮೈಕ್ರಾನ್ ಆರ್‌ಎ ಕೇಳುತ್ತಾರೆ. ಟರ್ನಿಂಗಿನಲ್ಲೇ ಬಹಳ ಸಣ್ಣ ಫೀಡಿನಿಂದ 0.6 ತಂದ ಸ್ಟೆಮ್ ಒಂದನ್ನೂ, ಗ್ರೈಂಡಿಂಗ್ ಮಾಡಿ ಮೇಲೆ ಪಾಲಿಶ್ ಹಿಡಿದು 0.6 ತಂದ ಸ್ಟೆಮ್ ಒಂದನ್ನೂ ಅಕ್ಕಪಕ್ಕ ಇಟ್ಟು ಬೆರಳಾಡಿಸಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ, ರಿಪೋರ್ಟಿನಲ್ಲಿ ಮಾತ್ರ ಎರಡೂ ಒಂದೇ ಅಂಕಿ.

ಈ ವ್ಯತ್ಯಾಸವನ್ನು ಹಿಡಿಯುವ ಅಳತೆಗಳು ಇಲ್ಲದೆ ಇಲ್ಲ. ಆರ್‌ಎಸ್‌ಕೆ ಎಂಬುದು ಏರುತಗ್ಗಿನ ಓರೆಯನ್ನು ಹೇಳುತ್ತದೆ: ಏಣುಗಳು ಮೇಲುಗೈಯಾಗಿದ್ದರೆ ಧನ, ಆಳವಾದ ಗೀರುಗಳು ಮೇಲುಗೈಯಾಗಿದ್ದರೆ ಋಣ. ಆಬಟ್ ಮತ್ತು ಫೈರ್‌ಸ್ಟೋನ್ ಹೆಸರಿನಲ್ಲಿಯೇ ಇರುವ ವಕ್ರರೇಖೆಯು ಮೇಲ್ಮೈಯನ್ನು ಮೇಲಿನಿಂದ ಪದರ ಪದರವಾಗಿ ಸವೆಸುತ್ತ ಹೋದರೆ ಯಾವ ಆಳದಲ್ಲಿ ಎಷ್ಟು ಪ್ರತಿಶತ ಲೋಹ ಭಾರ ಹೊರಲು ಸಿಗುತ್ತದೆ ಎಂಬುದನ್ನು ತೋರಿಸುತ್ತದೆ, ಮತ್ತು ಅದರಿಂದ ಬೇಗ ಸವೆದುಹೋಗುವ ಏಣಿನ ಭಾಗ, ಬಹುಕಾಲ ಭಾರ ಹೊರುವ ನಡುಭಾಗ, ಎಣ್ಣೆ ಹಿಡಿದಿಡುವ ತಗ್ಗಿನ ಭಾಗ ಎಂದು ಮೂರು ಅಂಕಿಗಳನ್ನು ತೆಗೆಯುತ್ತಾರೆ. ಡೀಸೆಲ್ ಎಂಜಿನ್ನಿನ ಸಿಲಿಂಡರ್ ಲೈನರುಗಳಿಗೆ ಈ ಮೂರೂ ಬೇಕು. ಹೋನಿಂಗಿನಲ್ಲಿ, ಅಂದರೆ ಕಲ್ಲಿನಿಂದ ಒಳಮೈ ಉಜ್ಜುವ ಕೆಲಸದಲ್ಲಿ, ಮೊದಲು ಒಂದಕ್ಕೊಂದು ಕತ್ತರಿ ಹಾಯುವ ಆಳವಾದ ಗೀರುಗಳನ್ನು ಎಳೆದು, ಆಮೇಲೆ ನುಣುಪಾದ ಕಲ್ಲಿನಿಂದ ಏಣುಗಳನ್ನಷ್ಟೇ ಸವರಿ ತೆಗೆಯುತ್ತಾರೆ. ಪಿಸ್ಟನ್ ರಿಂಗ್ ಸಮತಟ್ಟಿನ ಮೇಲೆ ಓಡುತ್ತದೆ, ಎಣ್ಣೆ ಗೀರಿನಲ್ಲಿ ನಿಲ್ಲುತ್ತದೆ. ಇಂಥ ಮೇಲ್ಮೈಯನ್ನು ಆರ್‌ಎ ಒಂದರಿಂದಲೇ ಪಾಸು ಮಾಡುವುದು ನನ್ನ ದೃಷ್ಟಿಯಲ್ಲಿ ಅಳೆಯದೇ ಪಾಸು ಮಾಡಿದ್ದಕ್ಕೆ ಸಮ.

ನಮ್ಮ ಹುಬ್ಬಳ್ಳಿಯ ವಾಲ್ವ್ ಕೆಲಸದಲ್ಲಿ ಒರಟುತನದ ಪ್ರಶ್ನೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಬರುವುದು ಫ್ಲ್ಯಾಂಜಿನ, ಅಂದರೆ ಪೈಪಿಗೆ ಬೋಲ್ಟಿನಿಂದ ಕೂಡಿಸುವ ಅಗಲವಾದ ಅಂಚಿನ, ಮುಖದಲ್ಲಿ. ಹೊಸದಾಗಿ ಸೇರಿದ ಡಿಪ್ಲೊಮಾ ಹುಡುಗರು ಇಲ್ಲಿಯೇ ಒಮ್ಮೆ ತಡೆಯುತ್ತಾರೆ. "ಸರ್, ಡ್ರಾಯಿಂಗ್‌ನ್ಯಾಗ ಮೂರು ಪಾಯಿಂಟ್ ಎರಡು ಬರದಾರ್ರಿ, ನಮ್ದು ಒಂದು ಪಾಯಿಂಟ್ ಎಂಟು ಬಂದೈತ್ರಿ. ಇನ್ನೂ ಛಲೋ ಆತಲ್ರಿ, ಮತ್ಯಾಕ ಹೋಲ್ಡ್ ಹಾಕೀರಿ?" ಎಂದು ಒಬ್ಬ ಹುಡುಗ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಪೈಪ್ ಫ್ಲ್ಯಾಂಜುಗಳಿಗೆ ಅನ್ವಯಿಸುವ ಅಮೆರಿಕದ ಎಎಸ್‌ಎಂಇ ಬಿ16.5 ಮಾನಕವು ಸಾಮಾನ್ಯ ಎತ್ತರಿಸಿದ ಮುಖಕ್ಕೆ 3.2ರಿಂದ 6.3 ಮೈಕ್ರಾನ್ ಎಂದು ಕೆಳಗಿನ ಮಿತಿಯನ್ನೂ ಮೇಲಿನ ಮಿತಿಯನ್ನೂ ಕೊಡುತ್ತದೆ, ಮಿಲಿಮೀಟರಿಗೆ 1.8ರಿಂದ 2.2 ಗೆರೆಗಳು ಇರಬೇಕು, ಟೂಲಿನ ತುದಿಯ ರೇಡಿಯಸ್ ಸುಮಾರು 1.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿರಬೇಕು ಎಂದೂ ಹೇಳುತ್ತದೆ. ಬೋಲ್ಟ್ ಬಿಗಿದಾಗ, ಎರಡು ಮುಖಗಳ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟಿನ ಮೆತ್ತನೆಯ ವಸ್ತು ಈ ಗೆರೆಗಳಲ್ಲಿ ಇಳಿದು ಕಚ್ಚಿಕೊಳ್ಳಬೇಕು. ಮುಖ ತೀರ ನುಣುಪಾದರೆ ಒಳಗಿನ ಒತ್ತಡಕ್ಕೆ ಗ್ಯಾಸ್ಕೆಟ್ ಹೊರಕ್ಕೆ ಸರಿಯುವುದನ್ನು ತಡೆಯುವ ಹಿಡಿತವೇ ಕಡಿಮೆಯಾಗುತ್ತದೆ. ಅದೇ ವಾಲ್ವಿನಲ್ಲಿ ಲೋಹದ ರಿಂಗ್ ಕೂರುವ ತೋಡಿಗಾದರೆ 1.6 ಮೈಕ್ರಾನಿಗಿಂತ ಒರಟಾಗಿರಬಾರದು, ಏಕೆಂದರೆ ಅಲ್ಲಿ ಲೋಹ ಲೋಹಕ್ಕೆ ಕೂಡಬೇಕು, ತುಂಬಿಕೊಳ್ಳಲು ಮೆತ್ತನೆಯ ವಸ್ತುವಿಲ್ಲ. ನುಣುಪು ಹೆಚ್ಚಿದಷ್ಟೂ ಒಳ್ಳೆಯದು ಎಂಬ ಗ್ರಹಿಕೆ ಒಂದೇ ಜಾಬಿನ ಎರಡು ಮುಖಗಳಲ್ಲಿಯೇ ಸುಳ್ಳಾಗುವುದನ್ನು ಆ ಹುಡುಗನಿಗೆ ತೋರಿಸಿದ ಮೇಲೆ ಅವನು ಫೀಡ್ ಚಾರ್ಟನ್ನು ತಾನೇ ತೆಗೆದು ನೋಡಿದ.

ಇದೇ ಮುಖದಲ್ಲಿ ಅಳತೆಯ ಕರಾರುಗಳೂ ತಮ್ಮ ಪ್ರಭಾವ ತೋರಿಸುತ್ತವೆ. ಮೇಲಿನ ಲೆಕ್ಕವನ್ನೇ ಹಿಡಿದು, 0.5 ಮಿಲಿಮೀಟರ್ ಫೀಡ್ ಮತ್ತು 1.5 ಮಿಲಿಮೀಟರ್ ರೇಡಿಯಸ್ ಇಟ್ಟರೆ ಏಣಿನ ಎತ್ತರ ಸುಮಾರು 21 ಮೈಕ್ರಾನ್, ಆರ್‌ಎ ಸುಮಾರು 5.3 ಬರುತ್ತದೆ, ಮಿತಿಯ ನಡುವೆ ಸರಿಯಾಗಿ ಕೂರುತ್ತದೆ. ಈಗ ಒರಟುತನ ಅಳೆಯುವ, ಕೈಯಲ್ಲಿ ಹಿಡಿಯುವ ಸೂಜಿಯ ಉಪಕರಣವನ್ನು ತೆಗೆದುಕೊಳ್ಳಿ. ಅದರಲ್ಲಿ ಕಟ್‌ಆಫ್ ಎಂಬ ಒಂದು ಆಯ್ಕೆ ಇರುತ್ತದೆ: 0.08, 0.25, 0.8, 2.5, 8 ಮಿಲಿಮೀಟರ್. ಆಯ್ದ ಕಟ್‌ಆಫಿಗಿಂತ ಉದ್ದವಾದ ಅಲೆಗಳನ್ನು ಅಲೆತನವೆಂದು ತೆಗೆದುಹಾಕಿ, ಸಣ್ಣ ಅಲೆಗಳನ್ನು ಮಾತ್ರ ಒರಟುತನವೆಂದು ಲೆಕ್ಕಕ್ಕೆ ಹಿಡಿಯುವುದು ಈ ಫಿಲ್ಟರಿನ ಕೆಲಸ. ಆದರೆ ಫಿಲ್ಟರ್ ಗೋಡೆಯಂತೆ ಥಟ್ಟನೆ ತಡೆಯುವುದಿಲ್ಲ. ಈಗ ಬಳಕೆಯಲ್ಲಿರುವ ಗಾಸಿಯನ್ ಫಿಲ್ಟರ್ ಕಟ್‌ಆಫಿನಷ್ಟೇ ಉದ್ದದ ಅಲೆಯ ಎತ್ತರದಲ್ಲಿ ಅರ್ಧವನ್ನು ಬಿಡುತ್ತದೆ, ಅರ್ಧವನ್ನು ತಡೆಯುತ್ತದೆ, ಮತ್ತು ಅದಕ್ಕಿಂತ ಸಣ್ಣ ಅಲೆಗಳಲ್ಲೂ ಸ್ವಲ್ಪ ಸ್ವಲ್ಪ ಕಡಿಯುತ್ತ ಹೋಗುತ್ತದೆ. ಉಪಕರಣವನ್ನು ಬಹಳಷ್ಟು ಶಾಪುಗಳಲ್ಲಿ 0.8ಕ್ಕೆ ಇಟ್ಟು ಹಾಗೆಯೇ ಬಿಟ್ಟಿರುತ್ತಾರೆ. 0.5 ಮಿಲಿಮೀಟರ್ ಅಂತರದ ಗೆರೆಗಳನ್ನು 0.8ರ ಕಟ್‌ಆಫಿನಲ್ಲಿ ಅಳೆದರೆ ಆ ಅಲೆಯ ಎತ್ತರದಲ್ಲಿ ಸುಮಾರು ಶೇ 17ರಷ್ಟು ಫಿಲ್ಟರಿನಲ್ಲೇ ಕಳೆದುಹೋಗುತ್ತದೆ; 2.5ಕ್ಕೆ ಇಟ್ಟರೆ ಇಡೀ ಅಲೆ ಉಳಿಯುತ್ತದೆ. ಗೆರೆಗಳ ಅಂತರ 0.13ರಿಂದ 0.4 ಮಿಲಿಮೀಟರ್ ಇದ್ದರೆ 0.8, 0.4ರಿಂದ 1.3 ಇದ್ದರೆ 2.5 ಎಂದು ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 4288 ಹೇಳುತ್ತಿದ್ದುದು ಇದೇ ಕಾರಣಕ್ಕೆ.

ಈ ಶೇ 17 ಕಾಗದದ ಮೇಲಿನ ಚರ್ಚೆಯಷ್ಟೇ ಎಂದುಕೊಳ್ಳಬಾರದು. ನಮ್ಮಲ್ಲಿ 3.5 ಎಂದು ಪಾಸಾಗಿ ಹೋದ ಒಂದು ಲಾಟ್, ತೆಗೆದುಕೊಂಡವರ ಇನ್‌ಸ್ಪೆಕ್ಷನ್ನಿನಲ್ಲಿ 3.0 ಎಂದು ಬಂದು ಕೆಳಗಿನ ಮಿತಿಗಿಂತ ಕಡಿಮೆಯಾಯಿತೆಂದು ನಿಂತಿತು. ಅವರ ಉಪಕರಣವೂ ಸರಿಯಾಗಿತ್ತು, ನಮ್ಮದೂ ಸರಿಯಾಗಿತ್ತು. ಎರಡಕ್ಕೂ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇತ್ತು. ಅವರದು 0.8ರಲ್ಲಿತ್ತು, ನಮ್ಮದು 2.5ರಲ್ಲಿ. ಎರಡೂ ರಿಪೋರ್ಟುಗಳಲ್ಲಿ ಕಟ್‌ಆಫ್ ಬರೆಯುವ ಜಾಗವೇ ಇರಲಿಲ್ಲವಾದ್ದರಿಂದ ಇಷ್ಟು ಸಣ್ಣ ಸಂಗತಿಯನ್ನು ಕಂಡುಹಿಡಿಯಲು ಪತ್ರವ್ಯವಹಾರದಲ್ಲಿ ಬಹಳ ಕಾಲ ಹೋಯಿತು.

ಕಟ್‌ಆಫನ್ನು 2.5ಕ್ಕೆ ಇಟ್ಟ ಕೂಡಲೇ ಇನ್ನೊಂದು ತೊಡಕು ಎದುರಾಗುತ್ತದೆ. ಸಾಮಾನ್ಯ ಪದ್ಧತಿಯಂತೆ ಅಂಥ ಐದು ಉದ್ದಗಳನ್ನು ಒಟ್ಟಾಗಿ ಅಳೆಯಬೇಕು, ಅಂದರೆ 12.5 ಮಿಲಿಮೀಟರ್, ಇದಲ್ಲದೆ ಸೂಜಿ ಓಡಲು ಶುರುವಾಗುವಾಗ ಮತ್ತು ನಿಲ್ಲುವಾಗ ಸ್ವಲ್ಪ ಜಾಗ ಬೇಕು. ಒಂದು ಇಂಚಿನ ಫ್ಲ್ಯಾಂಜಿನ ಎತ್ತರಿಸಿದ ಮುಖದ ಹೊರವ್ಯಾಸ 50.8 ಮಿಲಿಮೀಟರ್, ನಡುವಿನ ರಂಧ್ರ 25 ಎಂದು ಹಿಡಿದರೆ ಮುಖದ ಅಗಲ 13ಕ್ಕೆ ಒಂದು ಕೂದಲೆಳೆ ಕಡಿಮೆ. ಸೂಜಿ ಆಚೆ ಅಂಚಿನಿಂದ ಕೆಳಗೆ ಬೀಳುತ್ತದೆ. ಇಲ್ಲಿ ಮೂರೇ ಉದ್ದಗಳನ್ನು ಅಳೆದು, ಮೂರೇ ಅಳೆದೆವೆಂದು ರಿಪೋರ್ಟಿನಲ್ಲಿ ಬರೆಯುವುದು ಸರಿಯಾದ ದಾರಿ. ಅಳತೆಗೆ ಜಾಗ ಸಾಲದು ಎಂಬ ಕಾರಣಕ್ಕೆ ಕಟ್‌ಆಫನ್ನೇ 0.8ಕ್ಕೆ ಇಳಿಸಿಬಿಡುವುದು ಸುಲಭ, ಆದರೆ ಹಾಗೆ ಮಾಡಿದಾಗ ಅಳೆಯುವ ವಸ್ತುವೇ ಬದಲಾಗಿಬಿಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಓದುಗರಿಗೆ ಅಚ್ಚರಿ ತರಬಹುದು. ಫ್ಲ್ಯಾಂಜಿನ ಮುಖವನ್ನು ಸೂಜಿಯ ಉಪಕರಣದಿಂದ ನಿರ್ಣಯಿಸಬಾರದು, ಆರ್‌ಎ ನಮೂನೆಗಳೊಂದಿಗೆ ಕಣ್ಣಿನಿಂದ ಹೋಲಿಸಿ ನಿರ್ಣಯಿಸಬೇಕು ಎಂದು ಬಿ16.5 ಮಾನಕವೇ ಸ್ಪಷ್ಟವಾಗಿ ಹೇಳುತ್ತದೆ. ಮೊದಲ ಸಲ ಇದನ್ನು ಓದುವವರು ಹಳೆಯ ಕಾಲದ ಉಳಿಕೆ ಎಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗ್ಯಾಸ್ಕೆಟ್ ಸೋರುವುದಕ್ಕೆ ನಿಜವಾಗಿ ಕಾರಣವಾಗುವುದು ಒಳಗಿನ ಅಂಚಿನಿಂದ ಹೊರಗಿನ ಅಂಚಿಗೆ ಗೆರೆಗಳನ್ನು ಅಡ್ಡ ಕತ್ತರಿಸಿಕೊಂಡು ಹೋಗುವ ಒಂದು ಗೀರು. ಸೂಜಿ ಓಡುವುದೂ ಒಳಗಿನಿಂದ ಹೊರಕ್ಕೇ ಆದ್ದರಿಂದ ಆ ಗೀರಿನ ಮಗ್ಗುಲಲ್ಲೇ ಸಮಾನಾಂತರವಾಗಿ ಓಡಿ ಅದನ್ನು ಕಾಣದೆ ಬರಬಹುದು, ಆರ್‌ಎ 4.8 ಎಂದು ಸೊಗಸಾದ ಅಂಕಿ ಕೊಡಬಹುದು. ಬೆಳಕಿಗೆ ಹಿಡಿದ ಕಣ್ಣಿಗೆ ಅದು ಮೊದಲ ನೋಟಕ್ಕೇ ಕಾಣುತ್ತದೆ. ಅಡ್ಡ ಗೀರುಗಳ ಆಳ ಮತ್ತು ಉದ್ದಕ್ಕೆ ಮಾನಕದಲ್ಲಿ ಪ್ರತ್ಯೇಕ ಕೋಷ್ಟಕವೇ ಇದೆ.

ನಮ್ಮ ಶಾಪಿನಲ್ಲಿ ಹಿರಿಯ ಟರ್ನರ್ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ಅವರು ಜಾಬನ್ನು ಚಕ್ಕಿನಿಂದ ಬಿಚ್ಚುವ ಮೊದಲು ಅದರ ಮೇಲಿನ ಕೂಲಂಟನ್ನು ಬಟ್ಟೆಯಿಂದ ಒರೆಸಿ, ಹೆಬ್ಬೆರಳಿನ ಉಗುರನ್ನು ಓರೆಯಾಗಿ ಇಟ್ಟು ಗೆರೆಗಳಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯುತ್ತಾರೆ. ಕೂಡಲೇ ಅದೇ ಉಗುರನ್ನು ಕಂಪ್ಯಾರಿಸನ್ ಪ್ಲೇಟಿನ ಮೇಲಿನ 3.2ರ ತುಂಡಿನ ಮೇಲೂ 6.3ರ ತುಂಡಿನ ಮೇಲೂ ಎಳೆಯುತ್ತಾರೆ. "ನಡುವ ಐತಿ ನೋಡ್, ಬಿಚ್ಚ ಇನ್ನ" ಎಂದು ಹುಡುಗನಿಗೆ ಹೇಳುತ್ತಾರೆ. ಟರ್ನಿಂಗ್ ಜಾಬಿಗೆ ಟರ್ನಿಂಗ್ ನಮೂನೆಯನ್ನೇ, ಗ್ರೈಂಡಿಂಗಿಗೆ ಗ್ರೈಂಡಿಂಗ್ ನಮೂನೆಯನ್ನೇ ಹಿಡಿಯಬೇಕು ಎಂಬ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು, ಮತ್ತು ಅದು ಪೂರ್ತಿ ಸರಿ, ಏಕೆಂದರೆ ಉಗುರು ಎತ್ತರವನ್ನಷ್ಟೇ ಅಲ್ಲದೆ ಗೆರೆಗಳ ಅಂತರವನ್ನೂ ಗ್ರಹಿಸುತ್ತದೆ. ಬೆರಳಿನ ಸೂಕ್ಷ್ಮತೆಯನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜಾರಿಸುವ ಬೆರಳು ಕೇವಲ 13 ನ್ಯಾನೋಮೀಟರ್ ಎತ್ತರದ ಸುಕ್ಕುಗಳಿರುವ ಮೇಲ್ಮೈಯನ್ನೂ ನುಣುಪಾದ ಮೇಲ್ಮೈಯಿಂದ ಬೇರ್ಪಡಿಸಿ ಗುರುತಿಸಿತು. ಬೆರಳು ವ್ಯತ್ಯಾಸವಿದೆ ಎಂದು ಹೇಳಬಲ್ಲದು. ಎಷ್ಟು ಎಂಬ ಅಂಕಿಗೆ ಉಪಕರಣ ಬೇಕು. ಎರಡಕ್ಕೂ ಶಾಪಿನಲ್ಲಿ ಜಾಗವಿದೆ ಎಂದೇ ನಾನು ನಂಬಿದ್ದೇನೆ.

ಉಪಕರಣದ ಒಳಗನ್ನು ಸ್ವಲ್ಪ ನೋಡೋಣ. ವಜ್ರದ ಸೂಜಿಯ ತುದಿಯ ರೇಡಿಯಸ್ 2 ಅಥವಾ 5 ಮೈಕ್ರಾನ್, ಅದರ ಶಂಕುವಿನ ಕೋನ 60 ಅಥವಾ 90 ಡಿಗ್ರಿ. 2 ಮೈಕ್ರಾನಿನ ಸೂಜಿ ಜಾಬಿನ ಮೇಲೆ ಒತ್ತುವ ಬಲ 0.75 ಮಿಲಿನ್ಯೂಟನ್; ಸುಮಾರು 75 ಮಿಲಿಗ್ರಾಮಿನ ತೂಕ. ತೂಕ ಇಷ್ಟು ಕಡಿಮೆಯಾದರೂ ಅದು ನಿಲ್ಲುವ ಜಾಗ ಅದಕ್ಕಿಂತ ಸಣ್ಣದಾದ್ದರಿಂದ, ಅಲ್ಯೂಮಿನಿಯಂನಂಥ ಮೆತ್ತನೆಯ ಲೋಹದ ಮೇಲೆ ಅಳೆದ ನಂತರ ಓರೆ ಬೆಳಕಿನಲ್ಲಿ ನೋಡಿದರೆ ಸೂಜಿ ಹಾದ ಗೆರೆ ಕಾಣಬಹುದು. ಸೂಜಿಯ ತುದಿ ಸವೆದು ಮೊಂಡಾದರೆ ಅದು ಕಿರಿದಾದ ತಗ್ಗಿನ ತಳವನ್ನು ಮುಟ್ಟುವುದಿಲ್ಲ. ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ, ಅಂದರೆ ಜಾಬ್ ಸುಧಾರಿಸಿದಂತೆ ತೋರುತ್ತದೆ. ಉಪಕರಣದ ಜೊತೆ ಬರುವ 3 ಮೈಕ್ರಾನಿನ ಆಸುಪಾಸಿನ ಪ್ರಮಾಣ ಫಲಕವನ್ನು ಅಳೆದು ಸರಿಯಾಗಿದೆ ಎಂದುಕೊಂಡರೆ ಈ ದೋಷ ಸಿಗದೆ ಹೋಗಬಹುದು, ಏಕೆಂದರೆ ಅಂಥ ಫಲಕದ ಅಗಲವಾದ ಗೆರೆಗಳಿಗೆ ಮೊಂಡು ಸೂಜಿಯೂ ಇಳಿಯುತ್ತದೆ. ನುಣುಪಾದ ಜಾಬುಗಳನ್ನು ಅಳೆಯುವ ಶಾಪಿನಲ್ಲಿ ಕಿರಿದಾದ ಗೆರೆಗಳಿರುವ ಎರಡನೆಯ ಫಲಕವೂ ಇರಬೇಕು.

ಕೈಯಲ್ಲಿ ಹಿಡಿಯುವ ಬಹುಪಾಲು ಉಪಕರಣಗಳಲ್ಲಿ ಸೂಜಿಯ ಮಗ್ಗುಲಿಗೆ ಸ್ಕಿಡ್ ಎಂಬ ನುಣುಪಾದ ಸಣ್ಣ ಪಾದವಿರುತ್ತದೆ. ಸೂಜಿಯ ಏರಿಳಿತವನ್ನು ಈ ಪಾದದಿಂದಲೇ ಲೆಕ್ಕ ಹಾಕುತ್ತಾರೆ. ಪಾದವೂ ದೊಡ್ಡ ಅಲೆಗಳ ಮೇಲೆ ಸೂಜಿಯ ಜೊತೆಯಲ್ಲೇ ಏರಿ ಇಳಿಯುವುದರಿಂದ ಅಲೆತನ ಅಳತೆಗೆ ಬರುವುದೇ ಇಲ್ಲ. ಒರಟುತನವಷ್ಟೇ ಬೇಕಿದ್ದರೆ ಇದು ಅನುಕೂಲ. ಗ್ರೈಂಡಿಂಗ್ ಮಶೀನಿನ ಅದುರಿನಿಂದ ಬಂದ ಅಲೆಯನ್ನು ಹುಡುಕುವವರಿಗೆ ಈ ಉಪಕರಣದಿಂದ ಉತ್ತರ ಸಿಗುವುದಿಲ್ಲ.

ಪರದೆಯ ಮೇಲೆ ಮೂಡುವ ಚಿತ್ರದ ಬಗ್ಗೆಯೂ ಎಚ್ಚರಿಕೆ ಬೇಕು. ಅದರಲ್ಲಿ ಮೇಲ್ಮೈ ಸಹ್ಯಾದ್ರಿಯ ಶಿಖರಗಳಂತೆ ಕಡಿದಾಗಿ ಕಾಣುತ್ತದೆ, ಏಕೆಂದರೆ ಎತ್ತರವನ್ನು ಸಾವಿರಾರು ಪಟ್ಟು ಹಿಗ್ಗಿಸಿ ಉದ್ದವನ್ನು ಕೆಲವೇ ಹತ್ತುಗಳಷ್ಟು ಹಿಗ್ಗಿಸಿರುತ್ತಾರೆ. ಮೊದಲು ಹೇಳಿದ 0.2 ಫೀಡ್, 0.8 ರೇಡಿಯಸ್ಸಿನ ಜಾಬಿನಲ್ಲಿ ಏಣಿನ ಬಳಿ ಇಳಿಜಾರು ಅತಿ ಹೆಚ್ಚೆಂದರೆ 7 ಡಿಗ್ರಿ. ನಿಜವಾದ ಮೇಲ್ಮೈ ಬಹುತೇಕ ಬಯಲು. 60 ಡಿಗ್ರಿಯ ಸೂಜಿ ಅಂಥ ತಗ್ಗುಗಳಲ್ಲಿ ಸಲೀಸಾಗಿ ಇಳಿಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವೂ ಇದೇ.

ಸೂಜಿ ಮುಟ್ಟದೆ ಬೆಳಕಿನಿಂದ ಅಳೆಯುವ ಇಂಟರ್‌ಫೆರೋಮೀಟರ್, ಕಾನ್ಫೋಕಲ್ ಉಪಕರಣಗಳು ಒಂದು ಗೆರೆಯ ಬದಲಿಗೆ ಒಂದು ಇಡೀ ಪ್ರದೇಶವನ್ನು ಅಳೆಯುತ್ತವೆ; ಅವುಗಳ ಅಳತೆಗೆ ಐಎಸ್‌ಒ 25178 ಎಂಬ ಬೇರೆಯೇ ಮಾನಕಗಳಿದ್ದು, ಆರ್‌ಎಯ ಜಾಗದಲ್ಲಿ ಎಸ್‌ಎ ಬರುತ್ತದೆ. ಇವೆರಡೂ ಒಂದೇ ಜಾಬಿಗೆ ಒಂದೇ ಅಂಕಿ ಕೊಡಬೇಕೆಂದು ನಿರೀಕ್ಷಿಸಬಾರದು. ನಮ್ಮಂಥ ಸಣ್ಣ ಶಾಪುಗಳಿಗೆ ಇವು ಸದ್ಯಕ್ಕೆ ದೂರದ ಮಾತು.

ಡ್ರಾಯಿಂಗುಗಳನ್ನು ಓದುವುದು ಹತ್ತಿರದ ಮಾತು. ಹಳೆಯ ಡ್ರಾಯಿಂಗುಗಳಲ್ಲಿ ಒಂದು, ಎರಡು, ಮೂರು ತ್ರಿಕೋನಗಳಿರುತ್ತವೆ. ಅವು ಒರಟು ಅಂದಾಜಿನ ವರ್ಗಗಳು, ನಿಖರ ಮಿತಿಗಳಲ್ಲ. ಕೆಲವದರಲ್ಲಿ ಎನ್6, ಎನ್7, ಎನ್8 ಎಂದು ಬರೆದಿರುತ್ತದೆ: ಎನ್6 ಎಂದರೆ 0.8, ಎನ್7 ಎಂದರೆ 1.6, ಎನ್8 ಎಂದರೆ 3.2, ಹೀಗೆ ಮೆಟ್ಟಿಲಿಗೊಮ್ಮೆ ಎರಡರಷ್ಟಾಗುತ್ತ ಎನ್12ಕ್ಕೆ 50 ಮೈಕ್ರಾನ್ ಆಗುತ್ತದೆ. ಅಮೆರಿಕದ ಡ್ರಾಯಿಂಗಿನಲ್ಲಿ 125 ಎಂದು ಕಂಡರೆ ಅದು ಮೈಕ್ರೋಇಂಚು, ನಮ್ಮ 3.2. ಇವೆಲ್ಲ ತಿಳಿದುಕೊಂಡರೆ ಮುಗಿಯಿತು. ನಿಜವಾದ ಅಪಾಯ ಆರ್‌ಝಡ್‌ನಲ್ಲಿದೆ, ಏಕೆಂದರೆ ಅದೇ ಅಕ್ಷರಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಅಳತೆಗೆ ನಿಂತಿವೆ. 1984ರ ಐಎಸ್‌ಒ 4287ರಲ್ಲಿ ಅದು ಅತಿ ಎತ್ತರದ ಐದು ಏಣುಗಳು ಮತ್ತು ಅತಿ ಆಳದ ಐದು ತಗ್ಗುಗಳ ಸರಾಸರಿ ಅಂತರವಾಗಿತ್ತು. 1997ರ ಆವೃತ್ತಿಯಲ್ಲಿ ಅದು ಒಂದೊಂದು ಉದ್ದದಲ್ಲಿನ ಅತಿ ಎತ್ತರದ ಏಣಿನಿಂದ ಅತಿ ಆಳದ ತಗ್ಗಿನವರೆಗಿನ ಪೂರ್ತಿ ಎತ್ತರವಾಯಿತು. ಹೊಸ ಲೆಕ್ಕದಲ್ಲಿ ಅದೇ ಜಾಬಿಗೆ ಸಾಮಾನ್ಯವಾಗಿ ಹೆಚ್ಚಿನ ಅಂಕಿ ಬರುತ್ತದೆ. ಡ್ರಾಯಿಂಗ್ ಹಳೆಯದು, ಉಪಕರಣ ಹೊಸದು ಎಂದಾದಾಗ ಸರಿಯಾದ ಜಾಬೂ ಫೇಲಾಗಬಹುದು.

ಪಾಸು ಮಾಡುವ ನಿಯಮವೂ ಬದಲಾಗಿದೆ. ಹಿಂದಿನ ಐಎಸ್‌ಒ 4288ರ ಪ್ರಕಾರ ಡ್ರಾಯಿಂಗಿನಲ್ಲಿ ಬೇರೇನೂ ಬರೆಯದಿದ್ದರೆ ಶೇ 16ರ ನಿಯಮ ಅನ್ವಯಿಸುತ್ತಿತ್ತು: ಅಳತೆಗಳಲ್ಲಿ ಶೇ 16ರವರೆಗೆ ಮಿತಿಯನ್ನು ಮೀರಿದರೂ ಮೇಲ್ಮೈ ಪಾಸು. ಮೊದಲ ಅಳತೆಯೇ ಮಿತಿಯ ಶೇ 70ರೊಳಗೆ ಬಂದರೆ ಅಲ್ಲಿಗೇ ನಿಲ್ಲಿಸಬಹುದಿತ್ತು. 2021ರಲ್ಲಿ ಬಂದ ಐಎಸ್‌ಒ 21920 ಮಾನಕಗಳು 1302, 4287, 4288 ಮೂರರ ಜಾಗವನ್ನೂ ತೆಗೆದುಕೊಂಡವು. ಅವುಗಳಲ್ಲಿ ಬೇರೇನೂ ಬರೆಯದಿದ್ದರೆ ಒಂದು ಅಳತೆಯೂ ಮಿತಿಯನ್ನು ಮೀರುವಂತಿಲ್ಲ. ಕಟ್‌ಆಫನ್ನೂ ಈಗ ಜಾಬಿನ ಗೆರೆಗಳನ್ನು ನೋಡಿ ಆರಿಸುವ ಬದಲು ಡ್ರಾಯಿಂಗಿನಲ್ಲಿ ಕೊಟ್ಟ ಮಿತಿಯಿಂದಲೇ ನಿರ್ಧರಿಸುತ್ತಾರೆ. ಒಂದೇ ಡ್ರಾಯಿಂಗಿನ ಒಂದೇ 3.2, ಯಾವ ಮಾನಕದ ಕೆಳಗೆ ಬರೆದದ್ದು ಎಂಬುದರ ಮೇಲೆ ಎರಡು ಬೇರೆ ಬೇರೆ ಬೇಡಿಕೆಗಳಾಗುತ್ತದೆ, ಮತ್ತು ಎರಡನೆಯದು ಮೊದಲನೆಯದಕ್ಕಿಂತ ಸಾಕಷ್ಟು ಬಿಗಿ.

ಆದ್ದರಿಂದ ಈಗ ನಮ್ಮಲ್ಲಿ ಹೊಸ ಡ್ರಾಯಿಂಗ್ ಬಂದಾಗ ರೇಟ್ ಕೋಟ್ ಮಾಡುವ ಮೊದಲೇ ಎರಡು ಸಂಗತಿಗಳನ್ನು ಬರಹದಲ್ಲಿ ಕೇಳುತ್ತೇವೆ: ಒರಟುತನದ ಚಿಹ್ನೆಗಳು ಯಾವ ವರ್ಷದ ಯಾವ ಮಾನಕದಂತೆ ಇವೆ, ಮತ್ತು ಆ ಮುಖದ ಮೇಲೆ ಏನು ಕೂರುತ್ತದೆ. ನಮ್ಮ ರಿಪೋರ್ಟ್ ಫಾರ್ಮಿನಲ್ಲಿ ಅಂಕಿಯ ಮುಂದೆ ಕಟ್‌ಆಫ್, ಅಳೆದ ಉದ್ದಗಳ ಸಂಖ್ಯೆ, ಸೂಜಿಯ ರೇಡಿಯಸ್, ಅಳೆದ ದಿಕ್ಕು ಎಂಬ ನಾಲ್ಕು ಕಾಲಮ್ಮುಗಳು ಸೇರಿವೆ. ತುಂಬಲು ಅರ್ಧ ನಿಮಿಷ ಹಿಡಿಯುತ್ತದೆ, ಮತ್ತು ಅವು ಖಾಲಿ ಇರುವ ರಿಪೋರ್ಟಿಗೆ ನಾನು ಸಹಿ ಹಾಕುವುದಿಲ್ಲ.